ತೊರೀತೋದವರು ಕೊಡಬೇಕಾದ ಆಟಗಾರ

ದೋನ್ ಪ್ಲಾಸಿದೋ ಇವತ್ತಿಗೂ ನನ್ನ ರಿಪೇರಿ ಅಂಗಡಿಯ ಮುಂದೆ ಹಾದು ಹೋಗುತ್ತಾನೆ, ಹ್ಯಾಟು ಎತ್ತುತ್ತಾನೆ. ನಾನು ತಲೆ ಎತ್ತುವುದಿಲ್ಲ. ಮೋಟಾರ್ ಸೈಕಲ್ಲಿನ ಚೈನು ನೋಡುತ್ತಾ ಕೂರುತ್ತೇನೆ, ಚೈನಿಗೆ ಏನೂ ಆಗಿಲ್ಲದಿದ್ದರೂ. ಪಾಪ, ವಯಸ್ಸಾಗಿದೆ, ಬಿಟ್ಟುಬಿಡು ಎನ್ನುತ್ತಾರೆ ಜನ. ವಯಸ್ಸು ನನಗೂ ಆಗುತ್ತಿದೆ, ನನ್ನನ್ನು ಯಾರೂ ಪಾಪ ಅಂದಿಲ್ಲ. ಅವನು ನನ್ನ ಕ್ಯಾಚರನನ್ನು ಕೊಟ್ಟುಬಿಟ್ಟ, ಬದಲಿಗೆ ಏನನ್ನೂ ತರಲಿಲ್ಲ. ಅದನ್ನು ನಾನು ಬಿಡುವವನಲ್ಲ.

ಆ ಕ್ಯಾಚರ್ ನನ್ನ ಭಾವ, ಅಕ್ಕ ಒತಿಲಿಯಾಳ ಗಂಡ. ಹೆಸರು ತೆಲ್ಮೋ ಫಿಪ್ಸ್. ಅವನ ಅಜ್ಜ ಕಬ್ಬು ಕಡಿಯಲು ಇಂಗ್ಲಿಷರ ಯಾವುದೋ ದ್ವೀಪದಿಂದ ಹಾಯಿದೋಣಿಯಲ್ಲಿ ಬಂದು ಸಾನ್ ಪೆದ್ರೋ ಬಂದರಿನಲ್ಲಿ ಇಳಿದವನು. ಆ ಫಿಪ್ಸ್ ಅನ್ನುವುದು ಅಲ್ಲಿಂದ ಬಂದದ್ದು. ಭಾವ ಗಿಡ್ಡ, ಅಗಲ, ನಿಧಾನ. ಬೇಸ್‌ಬಾಲಿನಲ್ಲಿ ಪಿಚರ್ ಎಸೆದ ಚೆಂಡನ್ನು ಬ್ಯಾಟ್ಸ್‌ಮನ್ನನ ಬೆನ್ನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಹಿಡಿಯುವುದೇ ಅವನ ಜೀವನ. ಹಿಡಿದು ಹಿಡಿದು ಬಲಗೈ ಬೆರಳುಗಳು ಒಂದೊಂದು ಒಂದೊಂದು ಊರಿನ ದಾರಿ ತೋರಿಸುತ್ತಿದ್ದವು. ಕಾಫಿ ಲೋಟ ಹಿಡಿದರೆ ನೋಡುವವರಿಗೆ ಭಯವಾಗುತ್ತಿತ್ತು. ಲೋಟ ಮಾತ್ರ ಒಂದು ದಿನವೂ ಬೀಳಲಿಲ್ಲ.

ನಾನು ಪಿಚರ್. ನನ್ನ ಹತ್ತಿರ ಒಂದು ಚೆಂಡು ಇತ್ತು. ಬ್ಯಾಟಿನ ಹತ್ತಿರ ಬರುವವರೆಗೆ ನೆಟ್ಟಗೆ ಬಂದು, ಅಲ್ಲಿ ಏನೋ ನೆನಪಾದ ಹಾಗೆ ಕೆಳಗೆ ಬೀಳುತ್ತಿತ್ತು. ಬ್ಯಾಟ್ಸ್‌ಮನ್‌ಗಳಿಗೆ ಅದು ಸಿಗುತ್ತಿರಲಿಲ್ಲ. ಕ್ಯಾಚರ್‌ಗಳಿಗೂ ಸಿಗುತ್ತಿರಲಿಲ್ಲ, ಭಾವನೊಬ್ಬನನ್ನು ಬಿಟ್ಟು. ಹಾಗಾಗಿ ಆ ಚೆಂಡು ಅರ್ಧ ನನ್ನದು, ಅರ್ಧ ಅವನದು.

ನಮ್ಮದು ಪಲೋಮಾ ಸಕ್ಕರೆ ಗಿರಣಿ. ಕಬ್ಬಿನ ರೈಲಿನ ಹಳಿ ಹಿಡಿದು ನಡೆದರೆ ಬೆವರು ಒಣಗುವ ಮೊದಲೇ ತೊರೀತೋ ಗಿರಣಿ. ಎರಡಕ್ಕೂ ಒಡೆಯರು ಒಬ್ಬರೇ, ಸಕ್ಕರೆ ಒಂದೇ ಹಡಗಿಗೆ ಹೋಗುತ್ತಿತ್ತು. ಆದರೆ ಭಾನುವಾರದ ಬೇಸ್‌ಬಾಲ್ ಬೇರೆ. ತೊರೀತೋಕ್ಕೆ ಕೊಟ್ಟ ಹೆಣ್ಣುಮಕ್ಕಳು ಭಾನುವಾರ ತವರಿಗೆ ಬರುತ್ತಿರಲಿಲ್ಲ.

ಎರಡೂ ಗಿರಣಿಗಳು ಆಟಗಾರರನ್ನು ಕಟ್ಟಿಹಾಕುತ್ತಿದ್ದದ್ದು ಕೆಲಸ ಕೊಟ್ಟು. ಆಟ ಎಷ್ಟು ಒಳ್ಳೆಯದೋ ಕೆಲಸ ಅಷ್ಟು ಹಗುರ. ಸಾಧಾರಣ ಆಟಗಾರ ಕಬ್ಬು ಕಡಿಯುತ್ತಿದ್ದ. ಸ್ವಲ್ಪ ಮೇಲಿನವನು ಗಿರಣಿಯೊಳಗೆ ಚಕ್ರಗಳಿಗೆ ಎಣ್ಣೆ ಬಿಡುತ್ತಿದ್ದ. ಜೋರಾಗಿ ಹೊಡೆಯುವವನಿಗೆ ತೂಕದ ಮನೆಯಲ್ಲಿ ಕುರ್ಚಿ. ಅದಕ್ಕೂ ಮೇಲಿನವನಿಗೆ ತನ್ನ ಕೆಲಸ ಯಾವುದು ಎನ್ನುವುದೇ ಗೊತ್ತಿರುತ್ತಿರಲಿಲ್ಲ. ನಾನು ಕಬ್ಬಿನ ಎಂಜಿನ್ನಿಗೆ ಬೆಂಕಿ ಹಾಕುತ್ತಿದ್ದೆ. ಇದರಿಂದ ನನ್ನ ಬಗ್ಗೆ ಗಿರಣಿಯವರ ಅಭಿಪ್ರಾಯ ಏನಿತ್ತು ಎಂದು ತಿಳಿದುಕೊಳ್ಳಬಹುದು.

ಆ ಕಾಲದಲ್ಲಿ ಬಾಲ್ಬಿನೋ ಅಂತ ಒಬ್ಬ ಎದ್ದ. ಅವನು ಹೊಡೆದ ಚೆಂಡನ್ನು ಹುಡುಕಲು ಜನ ಕಬ್ಬಿನ ಗದ್ದೆಗೆ ನುಗ್ಗಿದರೆ ಊಟದ ಹೊತ್ತಿಗೆ ವಾಪಸು ಬರುತ್ತಿದ್ದರು. ಎರಡೂ ಗಿರಣಿಗಳು ಅವನ ಹಿಂದೆ ಬಿದ್ದವು. ನಮ್ಮ ದೋನ್ ಪ್ಲಾಸಿದೋ, ಗಿರಣಿಯ ಉಗ್ರಾಣವನ್ನೂ ತಂಡವನ್ನೂ ನೋಡಿಕೊಳ್ಳುತ್ತಿದ್ದವನು, ಬಾಲ್ಬಿನೋನ ಅಪ್ಪನನ್ನು ಹಿಂದಿನ ಗೇಟಿನ ಕಾವಲಿಗೆ ಹಾಕಿದ. ಆ ಗೇಟಿನ ಬೀಗದ ಕೈ ಕಳೆದುಹೋಗಿ ಎಷ್ಟೋ ಕಾಲವಾಗಿತ್ತು. ತೊರೀತೋದ ಮ್ಯಾನೇಜರ್ ದೋನ್ ಹೆನಾರೋ ಅವನ ತಾಯಿಗೆ ಸಿಮೆಂಟು ನೆಲದ ಮನೆ ಕೊಟ್ಟ. ಪ್ಲಾಸಿದೋ ಚಿಕ್ಕಪ್ಪನಿಗೆ ಹೇಸರಗತ್ತೆ ಕೊಟ್ಟ. ಹೆನಾರೋ ಅಜ್ಜಿಯನ್ನು ಬೀದಿ ದೀಪಗಳ ಇನ್‌ಸ್ಪೆಕ್ಟರ್ ಮಾಡಿದ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ದೀಪ ಹತ್ತಿದೆಯೇ ಎಂದು ಸಂಜೆ ಕಂಬದ ಕೆಳಗೆ ನಿಂತು ಹೋಗಿಬರುವವರನ್ನು ಕೇಳುತ್ತಿದ್ದಳು, ಪ್ರಾಮಾಣಿಕ ಹೆಂಗಸು. ಕೊನೆಗೆ ಸಿಮೆಂಟು ನೆಲ ಗೆದ್ದಿತು. ಬಾಲ್ಬಿನೋ ತೊರೀತೋದ ನೀಲಿ ಅಂಗಿ ತೊಟ್ಟ. ಅಪ್ಪ ಮಾತ್ರ ನಮ್ಮ ಗೇಟು ಬಿಟ್ಟು ಹೋಗಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು.

ಅದೇ ಹಂಗಾಮಿನಲ್ಲಿ ತೊರೀತೋಕ್ಕೆ ಬಂದರಿನ ಕಡೆಯಿಂದ ಹೊಸ ಪಿಚರ್ ಒಬ್ಬ ಬಂದ. ಅವನ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಅವರ ಕ್ಯಾಚರ್ ಮೈದಾನದಲ್ಲಿ ಕೂತಿದ್ದಕ್ಕಿಂತ ಚೆಂಡಿನ ಹಿಂದೆ ಓಡಿದ್ದೇ ಹೆಚ್ಚು. ಹೆನಾರೋಗೆ ನಮ್ಮ ಭಾವ ಬೇಕಾದ.

ಎರಡು ಗಿರಣಿಯವರು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದಾದರೆ ಅದಕ್ಕೊಂದು ಜಾಗ ಇತ್ತು, ಎರಡೂ ಕಡೆಯ ಹಳಿಗಳು ಒಂದನ್ನೊಂದು ದಾಟುವ ಕ್ರಾಸಿಂಗು. ಒಂದು ಬಾಟಲಿ ರಮ್, ಎರಡು ಲೋಟ, ಕೈ ಕುಲುಕುವುದು. ಅಷ್ಟೇ. ಅವತ್ತು ನನ್ನ ಎಂಜಿನ್ನು ನೀರು ತುಂಬಿಸಿಕೊಳ್ಳಲು ಅಲ್ಲೇ ನಿಂತಿತ್ತು. ನನ್ನ ಕಿವಿಯಾರೆ ಕೇಳಿದ್ದನ್ನೇ ಹೇಳುತ್ತಿದ್ದೇನೆ.

"ತೆಲ್ಮೋನ ಕೊಡಿ," ಅಂದ ಹೆನಾರೋ.

"ಬಾಲ್ಬಿನೋನ ಕೊಡಿ," ಅಂದ ಪ್ಲಾಸಿದೋ.

"ಹಂಗಾಮಿನ ಮಧ್ಯ ಅವನನ್ನ ಕೊಟ್ರೆ ನಮ್ಮ ಜನ ನನ್ನನ್ನ ಬಾಯ್ಲರಿಗೆ ಹಾಕ್ತಾರೆ, ದೋನ್ ಪ್ಲಾಸಿದೋ. ಹಂಗಾಮು ಮುಗೀಲಿ. ಆಮೇಲೆ ನಮ್ಮ ತಂಡದಲ್ಲಿ ನೀವು ಯಾರ ಹೆಸರು ಹೇಳ್ತೀರೋ ಅವನು ನಿಮ್ಮೋನು."

"ಯಾರದಾದ್ರೂ?"

"ಯಾರದಾದ್ರೂ. ನನ್ನ ಹೆಸರು ಹೇಳಿದ್ರೆ ನಾನೂ ಬರ್ತೀನಿ."

ಉತ್ತರ ದೇಶದ ದೊಡ್ಡ ಲೀಗುಗಳಲ್ಲಿ ಹೀಗೆ ಮಾಡುತ್ತಾರೆ, ಇವತ್ತು ಒಬ್ಬನನ್ನು ಕೊಟ್ಟು ಬದಲಿಗೆ ಬರುವವನ ಹೆಸರನ್ನು ಆಮೇಲೆ ಹೇಳುತ್ತಾರೆ ಎಂದು ಪ್ಲಾಸಿದೋ ರೇಡಿಯೋದಲ್ಲಿ ಕೇಳಿದ್ದ. ಕಣ್ಣು ಮಿನುಗಿತು ಅವನಿಗೆ. ನಾನು ಎಂಜಿನ್ನಿನ ಮೇಲಿನಿಂದಲೇ ಕೂಗಿದೆ.

"ದೋನ್ ಪ್ಲಾಸಿದೋ, ಹೆಸರು ಈಗಲೇ ಹೇಳಿ! ಬಾಯಲ್ಲೇನು ಕಡುಬಿದ್ಯಾ?"

"ನೀನು ಬೆಂಕಿ ನೋಡ್ಕೋ," ಅಂದ. ಕೈ ಕುಲುಕಿದರು.

ಸಂಜೆ ಭಾವ ಮನೆಗೆ ಬಂದು ಬೂಟು ಬಿಚ್ಚುತ್ತಾ ಹೆಂಡತಿಗೆ ಹೇಳಿದ, "ನಾಳೆಯಿಂದ ನಾನು ತೊರೀತೋದವನಂತೆ."

ಅಕ್ಕ ಬೀನ್ಸು ಆರಿಸುತ್ತಿದ್ದಳು. "ಯಾರು ಹೇಳಿದ್ದು?"

"ಪ್ಲಾಸಿದೋ."

"ಹಾಗಾದ್ರೆ ಅವನೇ ಹೋಗ್ಲಿ. ನಾನಂತೂ ಈ ಸಾಲುಮನೆ ಬಿಟ್ಟು ಬರೋದಿಲ್ಲ. ನನ್ನ ಕೋಳಿಗಳಿಗೆ ತೊರೀತೋ ಗೊತ್ತಿಲ್ಲ."

"ನೀನು ಬರ್ಬೇಡ. ನಾನು ನಡ್ಕೊಂಡು ಹೋಗಿ ಬರ್ತೀನಿ."

ಅಂದಿನಿಂದ ಭಾವ ನಮ್ಮ ಸಾಲುಮನೆಯಲ್ಲಿ ಮಲಗಿ, ಹಳಿಯ ಮೇಲೆ ನಡೆದು ಹೋಗಿ, ತೊರೀತೋದ ಕಾಕಂಬಿ ತೊಟ್ಟಿ ಕಾಯುತ್ತಿದ್ದ. ಭಾನುವಾರ ನಮ್ಮ ಮೇಲೆ ಆಡುತ್ತಿದ್ದ. ಅವನ ನೀಲಿ ಅಂಗಿಯನ್ನು ಅಕ್ಕ ಹೊರಗೆ ಹಗ್ಗದ ಮೇಲೆ ಹರವಿದ ಮೊದಲ ದಿನವೇ ಯಾರೋ ಕೆಸರು ಎರಚಿದರು. ಆಮೇಲೆ ಒಳಗೆ ಒಲೆಯ ಮೇಲೆ ಒಣಗಿಸತೊಡಗಿದಳು. ಭಾವನ ಅಂಗಿ ಹುರಿದ ಮೀನಿನ ವಾಸನೆ ಹೊಡೆಯುತ್ತದೆ ಎಂದು ತೊರೀತೋದವರು ಹೆನಾರೋ ಹತ್ತಿರ ದೂರು ಹೇಳಿದರಂತೆ.

ಹಂಗಾಮು ಮುಗಿಯುವುದಕ್ಕೆ ಮೊದಲೇ ಉತ್ತರ ದೇಶದ ಲೀಗುಗಳಿಗೆ ಆಟಗಾರರನ್ನು ಆರಿಸುವ ಬಿಳಿ ಬೂಟಿನ ಒಬ್ಬ ಕಾರಿನಲ್ಲಿ ಬಂದ, ಬಾಲ್ಬಿನೋ ಎರಡು ಸಲ ಹೊಡೆದದ್ದು ನೋಡಿದ, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ಹೆನಾರೋಗೆ ಇದು ಮೊದಲೇ ಗೊತ್ತಿತ್ತು ಎಂದು ನಾನು ಹೇಳುತ್ತೇನೆ. ಅವನು ಇಲ್ಲ ಅನ್ನುತ್ತಿದ್ದ. ಅವನು ಅನ್ನುತ್ತಿದ್ದದ್ದೇ ಹಾಗೆ.

ನಮ್ಮಲ್ಲಿ ಗಿರಣಿ ನಿಂತ ತಿಂಗಳುಗಳಿಗೆ ಸತ್ತ ಕಾಲ ಅನ್ನುತ್ತಾರೆ. ಸತ್ತ ಕಾಲ ಶುರುವಾದ ಮೇಲೆ ಹೆನಾರೋ ಪಲೋಮಾಕ್ಕೆ ಬಂದ.

"ಬೇರೆ ಯಾರ ಹೆಸರಾದ್ರೂ ಹೇಳಿ, ದೋನ್ ಪ್ಲಾಸಿದೋ. ನಮ್ಮ ಎಡಗೈ ಹುಡುಗ ಇದ್ದಾನೆ, ಚೆನ್ನಾಗಿ ಓಡ್ತಾನೆ."

"ಹಂಗಾಮು ಮುಗೀಲಿ, ನೋಡೋಣ."

"ಮುಗೀತಲ್ಲ?"

"ಮುಂದಿನದು."

ಪ್ಲಾಸಿದೋನ ಲೆಕ್ಕ ಏನೆಂದರೆ, ಬಾಲ್ಬಿನೋನಂಥವನು ಮತ್ತೊಬ್ಬ ತೊರೀತೋದಲ್ಲಿ ಹುಟ್ಟಿಯೇ ಹುಟ್ಟುತ್ತಾನೆ, ಅವತ್ತು ಹೆಸರು ಹೇಳೋಣ. ಎಡಗೈ ಹುಡುಗನಿಗೋಸ್ಕರ ಹೆಸರು ಖರ್ಚು ಮಾಡುವುದೇಕೆ? ಮುಂದಿನ ಹಂಗಾಮು ಬಂತು. ಹೆನಾರೋ ಮತ್ತೊಬ್ಬನನ್ನು ತೋರಿಸಿದ. ಪ್ಲಾಸಿದೋ ಮತ್ತೆ ಅದೇ ಮಾತು. ಕೆಲವು ವರ್ಷದ ಮೇಲೆ ಬಾಲ್ಬಿನೋನೇ ಚಿನ್ನದ ಹಲ್ಲು, ಮುರಿದ ಭುಜ ಎರಡನ್ನೂ ಹೊತ್ತು ವಾಪಸು ಬಂದ. ಹೆನಾರೋ ಓಡಿ ಬಂದು, "ತಗೊಳ್ಳಿ, ಅವನೇ ಬಂದಿದ್ದಾನೆ!" ಅಂದ. ಪ್ಲಾಸಿದೋ ಬಾಲ್ಬಿನೋನನ್ನು ಮೇಲಿನಿಂದ ಕೆಳಗೆ ನೋಡಿ, ಇವನಾ, ಅಂದ. ಬಾಲ್ಬಿನೋ ಅಪ್ಪನ ಜೊತೆ ನಮ್ಮ ಹಿಂದಿನ ಗೇಟು ಕಾಯಲು ಕೂತ.

ಇಷ್ಟರಲ್ಲಿ ಪಲೋಮಾದಲ್ಲಿ ಒಂದು ವಿಚಿತ್ರ ಆಯಿತು. ಬರಬೇಕಾದ ಆ ಆಟಗಾರ ನಮ್ಮ ತಂಡದ ಅತಿ ದೊಡ್ಡ ಆಟಗಾರನಾಗಿಬಿಟ್ಟ. ಜನ ಅವನನ್ನು 'ಬರೋವ್ನು' ಎಂದು ಕರೆಯತೊಡಗಿದರು. ಕ್ಷೌರದ ಅಂಗಡಿಯ ಚೀಚೋ, ನೊರೆ ಹಚ್ಚಿದ ಮುಖವನ್ನು ಹಾಗೇ ಬಿಟ್ಟು, ಕತ್ತಿ ಕೈಯಲ್ಲಿ ಹಿಡಿದು ಅವನ ಬಗ್ಗೆ ಮಾತಾಡುತ್ತಿದ್ದ.

"ಬರೋವ್ನು ಇದ್ದಿದ್ರೆ ನಿನ್ನೆ ಆ ಚೆಂಡು ಬೀಳ್ತಾ ಇತ್ತಾ?"

"ಅವನು ಹಿಡೀತಿದ್ದ ಬಿಡು. ಕಣ್ಣು ಮುಚ್ಚಿ ಹಿಡೀತಿದ್ದ."

"ಅವನು ಎಡಗೈಯೋನು ಅಂತೀನಿ ನಾನು."

"ಬಲಗೈ ಕಣೋ. ಎಡಗೈಯೋನು ಆ ಥರ ಓಡಲ್ಲ."

ನಾನು ಮುಖದಲ್ಲಿ ನೊರೆ ಇಟ್ಟುಕೊಂಡೇ ಎದ್ದು ಬಂದದ್ದು ಉಂಟು. ಕ್ಲಬ್ಬಿನ ಗೋಡೆಗೆ ಬರೋವ್ನಿಗೊಂದು ಬಿಳಿ ಅಂಗಿ ನೇತು ಹಾಕಿದರು, ಎದೆಯ ಮೇಲೆ ಕೆಂಪು ಅಕ್ಷರದಲ್ಲಿ ಪಲೋಮಾ ಅಂತ. ತಂಡದ ಅಂಗಿಗಳನ್ನು ಹೊಲಿಯುತ್ತಿದ್ದವಳು ನಮ್ಮಕ್ಕ. ಅದನ್ನೂ ಅವಳೇ ಹೊಲಿದಳು. ಯಾರ ಅಳತೆ ಎಂದು ಕೇಳಿದರೆ, ದೊಡ್ಡದಾಗಿ ಹೊಲಿ ಅಂದಿದ್ದ ಪ್ಲಾಸಿದೋ.

ಬದುಕಿದ್ದ ಭಾವನ ಕಥೆ ಬೇರೆ. ಯಾವ ಚೆಂಡು ಎಸೆಯಬೇಕು ಎಂದು ಕ್ಯಾಚರ್ ಪಿಚರನಿಗೆ ತೋರಿಸುವ ನಮ್ಮ ತಂಡದ ಕೈಸನ್ನೆಗಳನ್ನೆಲ್ಲ ಮಾಡಿದವನೇ ಅವನು. ಅದಕ್ಕೆ ಪ್ಲಾಸಿದೋ ಸನ್ನೆಗಳನ್ನು ಬದಲಾಯಿಸಿದ. ಭಾವನಿಗೆ ಹೊಸವೂ ಅರ್ಥವಾದವು, ನಮಗೆ ಆಗಲಿಲ್ಲ. ಹೊಸ ಕ್ಯಾಚರನಿಗೆ ನನ್ನ ಬೀಳುವ ಚೆಂಡು ಸಿಗದೆ, "ನೆಟ್ಟಗೆ ಎಸಿ, ಸಾಕು" ಅಂದರು. ನೆಟ್ಟಗೆ ಎಸೆದೆ. ನೆಟ್ಟಗೆ ಹೊಡೆದರು. ಬಿಳಿ ಬೂಟಿನವರು ಆಮೇಲೂ ಬಂದರು, ನನ್ನ ಕಡೆ ಯಾರೂ ನೋಡಲಿಲ್ಲ.

ನಾನು ಬ್ಯಾಟು ಹಿಡಿದು ನಿಂತರೆ ಬೆನ್ನ ಹಿಂದೆ ಭಾವ, ತಂತಿಯ ಮುಖವಾಡದೊಳಗಿಂದ ಮಾತು.

"ಬೆಳಿಗ್ಗೆ ಏನಾದ್ರೂ ತಿಂದ್ಯೇನೋ?"

"ಮಾತಾಡಿಸ್ಬೇಡ ಭಾವ."

"ನಿಮ್ಮಕ್ಕ ನಿನಗೆ ಅಂತ ಬಾಳೆಕಾಯಿ ಜಜ್ಜಿ ಮುಚ್ಚಿಟ್ಟಿದ್ಳು. ನೀನು ಬರ್ಲಿಲ್ಲ. ನಾನೇ ತಿಂದೆ."

ಚೆಂಡು ಬಂತು, ನಾನು ಬೀಸಿದೆ, ಸಿಗಲಿಲ್ಲ.

"ಮೇಲೆ ಮೊಟ್ಟೇನೂ ಇತ್ತು."

ಮತ್ತೆ ಬೀಸಿದೆ.

"ಈರುಳ್ಳೀನೂ ಹಾಕಿದ್ಳು, ಕೆಂಪಗೆ ಹುರಿದು."

ಮೂರನೆಯದೂ ಹೋಯಿತು, ಮೂರು ತಪ್ಪಿದರೆ ಔಟು. ಅಂಪೈರು ಕೈ ಎತ್ತಿದ. "ಹೋಗು, ಕೂತ್ಕೋ," ಅಂದ ಭಾವ. "ಸಂಜೆ ಬಾ, ಮತ್ತೆ ಮಾಡ್ತಾಳೆ."

ಸಂಜೆ ಹೋದೆ. ತಿಂದೆ. ಅವನ ಜೊತೆ ಮಾತಾಡಲಿಲ್ಲ.

ಒಮ್ಮೆ ಕೇಳಿಯೂ ಕೇಳಿದೆ. "ಒಂದೇ ಒಂದು ಚೆಂಡು ಕೈ ಬಿಡು ಭಾವ. ಊರು ನಿನ್ನನ್ನ ಕ್ಷಮಿಸುತ್ತೆ."

"ನನ್ನ ಮನೆ ಯಾವ ಕಡೆ ಇದೆ ಅಂತ ಚೆಂಡಿಗೇನು ಗೊತ್ತೋ," ಅಂದ. "ಬಂತು ಅಂದ್ರೆ ಹಿಡಿಯೋದು." ಇದೇ ಅವನ ದೊಡ್ಡ ದೋಷ. ನಮ್ಮೂರಿನ ಅಂಗಡಿಯಲ್ಲಿ ಭಾನುವಾರ ಅವನಿಗೆ ಬ್ರೆಡ್ಡು ಕೊಡುತ್ತಿರಲಿಲ್ಲ. ಅವನು ಶನಿವಾರವೇ ಕೊಳ್ಳುತ್ತಿದ್ದ.

ಕಾಲ ಹೋಯಿತು. ಭಾವನ ಮಂಡಿ ಹೋಯಿತು. ಕೂತರೆ ಏಳುವಾಗ ಎರಡೂ ಮಂಡಿ ಲಟಲಟ ಅನ್ನುತ್ತಿದ್ದವು, ಬ್ಯಾಟ್ಸ್‌ಮನ್‌ಗಳು ತಿರುಗಿ ನೋಡುತ್ತಿದ್ದರು. ಒಂದು ದಿನ ಡಾಮಿನೋ ಆಡುತ್ತಾ ಕೂತಿದ್ದಾಗ, ಕಾಯಿ ಇಡದೆ, ನನಗೊಂದು ಮಾತು ಹೇಳಿದ.

"ಒಂದು ಭಾನುವಾರ ಬಿಳಿ ಅಂಗಿ ಹಾಕ್ಕೊಂಡು ಮನೆಯಿಂದ ನಮ್ಮ ಮೈದಾನಕ್ಕೆ ನಡೆದು ಹೋಗ್ಬೇಕು ಕಣೋ. ಆಡಿಸದೆ ಬೆಂಚಿನ ಮೇಲೆ ಕೂರಿಸಿದ್ರೂ ಸರಿ."

"ಅಷ್ಟೇನಾ?"

"ಆ ಅಂಗೀನ ನಿಮ್ಮಕ್ಕ ಹೊರಗೆ ಒಣಗಿಸ್ಲಿ. ಅಷ್ಟೆ."

ನಾನು ಅವತ್ತೇ ತೊರೀತೋಕ್ಕೆ ಹೋದೆ. ಹೆನಾರೋ ಕಣ್ಣು ಅರಳಿಸಿದ. ತಲೆಯ ಮೇಲಿನ ಭಾರ ಇಳಿಯುವ ದಾರಿ ಅವನಿಗೂ ಬೇಕಿತ್ತು. "ಪ್ಲಾಸಿದೋ ತೆಲ್ಮೋ ಹೆಸರು ಹೇಳ್ಲಿ, ಈ ಕ್ಷಣ ಕಳಿಸ್ತೀನಿ. ಅಂಗಿ ಸಮೇತ."

"ಅಂಗಿ ನೀವೇ ಇಟ್ಕೊಳ್ಳಿ," ಅಂದೆ.

ಪ್ಲಾಸಿದೋ ಕ್ಲಬ್ಬಿನಲ್ಲಿ ಸಭೆ ಕರೆದ. ಊರೇ ಬಂದಿತ್ತು. ಭಾವ ಬಾಗಿಲ ಹತ್ತಿರ, ಹ್ಯಾಟು ಮಂಡಿಯ ಮೇಲೆ ಇಟ್ಟುಕೊಂಡು ಕೂತಿದ್ದ. ಅವನ ತಲೆಯ ಮೇಲೆಯೇ ಗೋಡೆಯಲ್ಲಿ ಬರೋವ್ನ ಅಂಗಿ.

"ವಿಷಯ ನಿಮಗೆ ಗೊತ್ತು," ಅಂದ ಪ್ಲಾಸಿದೋ. "ತೆಲ್ಮೋನ ಹೆಸರು ಹೇಳಿದ್ರೆ ತೆಲ್ಮೋ ಬರ್ತಾನೆ. ಬರೋವ್ನು ಬರಲ್ಲ."

ಚೀಚೋ ಗಂಟಲು ಸರಿಮಾಡಿಕೊಂಡ. "ತೆಲ್ಮೋ ಒಳ್ಳೇ ಮನುಷ್ಯ. ಅವನ ಗಡ್ಡ ನಾನೇ ಮಾಡೋದು. ಆದ್ರೆ ಮಂಡಿ ನೋಡ್ಬೇಕಲ್ಲಪ್ಪ. ಬರೋವ್ನಿಗೆ ಮಂಡಿ ಚೆನ್ನಾಗಿದೆ."

"ಬರೋವ್ನಿಗೆ ಮಂಡಿನೇ ಇಲ್ಲ ಕಣೋ!" ಅಂದೆ. "ಅವನೇ ಇಲ್ಲ!"

"ಹಾಗಂತ ನಿನಗೆ ಯಾರು ಹೇಳಿದ್ದು?" ಅಂದ ಹಿಂದಿನಿಂದ ಒಬ್ಬ. "ತೊರೀತೋದಲ್ಲಿ ಈಗೊಬ್ಬ ಹುಡುಗ ಎದ್ದಿದ್ದಾನಂತೆ. ಎರಡು ವರ್ಷ ತಡ್ಕೊಂಡ್ರೆ ಹಣ್ಣಾಗ್ತಾನೆ."

ತೆಲ್ಮೋ ಬರಲಿ ಅನ್ನುವವರು ಕೈ ಎತ್ತಿ ಅಂದರು. ನಾನು ಎತ್ತಿದೆ. ಅಕ್ಕ ಎತ್ತಿದಳು, ಆದರೆ ಹೆಂಗಸರ ಕೈ ಲೆಕ್ಕಕ್ಕಿಲ್ಲ ಅಂದರು. ನಾನು ಭಾವನ ಕಡೆ ನೋಡಿದೆ. ಅವನ ಆ ಡೊಂಕು ಬೆರಳುಗಳ ಕೈ ಹ್ಯಾಟಿನ ಮೇಲೇ ಇತ್ತು. ನಾನು ಒಂದು ಕುರ್ಚಿ ಎತ್ತಿ ಎಸೆದೆ. ಅದು ಯಾರಿಗೂ ತಗಲಲಿಲ್ಲ, ಆ ದಿನಗಳಲ್ಲಿ ನನ್ನ ಗುರಿ ಅಷ್ಟಕ್ಕೆ ಬಂದಿತ್ತು.

"ಹಂಗಾಮು ಮುಗೀಲಿ," ಅಂದ ಪ್ಲಾಸಿದೋ. "ನೋಡೋಣ."

ಮನೆಗೆ ನಡೆಯುತ್ತಾ ಕೇಳಿದೆ, "ಕೈ ಯಾಕೆ ಎತ್ಲಿಲ್ಲ ಭಾವ?"

"ನಾನು ತೊರೀತೋದವನಲ್ವೇನೋ," ಅಂದ. "ನಿಮ್ಮ ಸಭೇಲಿ ನಾನು ಹೇಗೆ ಎತ್ತೋದು?"

ಅವನು ಅದನ್ನು ತಮಾಷೆಗೆ ಹೇಳಿದನೋ ನಿಜಕ್ಕೋ ನನಗೆ ತಿಳಿಯಲಿಲ್ಲ. ಮುಖವಾಡ ಇಲ್ಲದಾಗಲೂ ಅವನ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ಮುಂದಿನ ಭಾನುವಾರ ನೀಲಿ ಅಂಗಿ ಹಾಕಿಕೊಂಡು ಹಳಿ ಹಿಡಿದ. ಮಂಡಿ ಪೂರ್ತಿ ನಿಲ್ಲುವವರೆಗೂ ಹೋದ. ಆಮೇಲೆ ಆಟ ಇದ್ದ ದಿನ ಮನೆಯ ಮುಂದೆ ಕೂತು, ಎರಡು ಮೈದಾನಗಳ ಗದ್ದಲವನ್ನೂ ಕೇಳುತ್ತಿದ್ದ. ಗಾಳಿ ತಿರುಗಿದರೆ ಅವನೂ ಕುರ್ಚಿ ತಿರುಗಿಸುತ್ತಿದ್ದ.

ಆಮೇಲೆ ಗಿರಣಿಗಳು ನಿಂತವು, ಮೊದಲು ತೊರೀತೋ, ಆಮೇಲೆ ನಮ್ಮದು. ಎಂಜಿನ್ನು ಹೋಯಿತು, ನಾನು ಸ್ಪ್ಯಾನರ್ ಹಿಡಿದೆ. ತಂಡಗಳು ಮಾತ್ರ ಇದ್ದವು, ಹೇಗೋ ಆಡುತ್ತಿದ್ದವು.

ಭಾವ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದೇ ಕುರ್ಚಿಯಲ್ಲಿ ತೀರಿಹೋಗಿದ್ದ. ಲೋಟ ಬಿದ್ದಿರಲಿಲ್ಲ.

ಅಕ್ಕ ನನ್ನನ್ನು ಪ್ಲಾಸಿದೋನ ಮನೆಗೆ ಕಳಿಸಿದಳು, ಕ್ಲಬ್ಬಿನ ಗೋಡೆಯ ಮೇಲಿನ ಅಂಗಿ ಕೇಳಲು. ಪ್ಲಾಸಿದೋ ಬಹಳ ಹೊತ್ತು ಯೋಚಿಸಿದ. "ಅದು ಅವನ ಅಳತೆ ಅಲ್ಲವಲ್ಲ," ಅಂದ. ನಾನು ಅವನಿಗೆ ಏನಂದೆ ಎನ್ನುವುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅಕ್ಕ ಮತ್ತೆ ಕೇಳಿ ಕಳಿಸಲಿಲ್ಲ. ಅಕ್ಷರವಿಲ್ಲದ ಒಂದು ಬಿಳಿ ಅಂಗಿಗೆ ಇಸ್ತ್ರಿ ಹಾಕಿ ತೊಡಿಸಿದಳು.

ಆಟಗಾರ ಸತ್ತರೆ ಅವನ ತಂಡದವರೇ ಹೊರಬೇಕು, ನಮ್ಮ ಕಡೆ ಹಾಗೆ. ತೊರೀತೋದವರು ನೀಲಿ ಅಂಗಿ ತೊಟ್ಟು ನಮ್ಮ ಸಾಲುಮನೆಗೆ ಬಂದು ಪೆಟ್ಟಿಗೆ ಎತ್ತಿದರು. ನಾನು ಹೆಂಡತಿಯ ತಮ್ಮ, ಅವನು ಅನ್ನ ತಿಂದ ಮನೆಯಲ್ಲೇ ಅನ್ನ ತಿಂದವನು, ಯಾರೋ ದಾರಿಹೋಕನ ಹಾಗೆ ಹಿಂದೆ ನಡೆದೆ. ಸ್ಮಶಾನಕ್ಕೆ ಹೋಗಲು ಆ ಕ್ರಾಸಿಂಗು ದಾಟಬೇಕು. ಹಳಿಯ ಮೇಲೆ ಹುಲ್ಲು ಬೆಳೆದಿತ್ತು. ಅಲ್ಲಿ ಹೆನಾರೋ ಕೈ ಎತ್ತಿ ನಿಲ್ಲಿಸಿದ. ಅವನು ಆಗಲೇ ಕೋಲು ಹಿಡಿದಿದ್ದ. ಪೆಟ್ಟಿಗೆ ಇಳಿಸಿದರು.

"ದೋನ್ ಪ್ಲಾಸಿದೋ," ಅಂದ, "ಈಗಲಾದ್ರೂ ಹೆಸರು ಹೇಳಿ. ಇಲ್ಲಿಂದ ಆಚೆಗೆ ನಿಮ್ಮ ಹುಡುಗರು ಹೊರ್ಲಿ. ನನ್ನದೂ ಋಣ ತೀರುತ್ತೆ."

ನಮ್ಮ ಹುಡುಗರು ಒಂದು ಹೆಜ್ಜೆ ಮುಂದೆ ಬಂದು ನಿಂತರು. ನಾನು ಆಗಲೇ ಪೆಟ್ಟಿಗೆಯ ಹಿಡಿ ಹಿಡಿದಿದ್ದೆ.

"ಹೇಳಿ," ಅಂದೆ. "ತೆಲ್ಮೋ ಫಿಪ್ಸ್ ಅನ್ನಿ. ಬಾಯಿ ಸವೆಯಲ್ಲ."

ಪ್ಲಾಸಿದೋ ಹ್ಯಾಟು ತೆಗೆದ. ಪೆಟ್ಟಿಗೆ ನೋಡಿದ, ಅಕ್ಕನ ಮುಖ ನೋಡಿದ. ಆಮೇಲೆ ಹಳಿಯ ಉದ್ದಕ್ಕೆ ತೊರೀತೋದ ಕಡೆ ನೋಡಿದ, ಆ ಕಡೆಯಿಂದ ಯಾರೋ ಬರುತ್ತಿದ್ದಾರೆ ಅನ್ನುವ ಹಾಗೆ. ತುಟಿ ಅಲ್ಲಾಡಿತು.

"ಹಂಗಾಮು ಮುಗೀಲಿ," ಅಂದ. "ನೋಡೋಣ."

ಹೆನಾರೋ ನನ್ನ ಕೈಯನ್ನು ಮೆಲ್ಲಗೆ ಹಿಡಿಯಿಂದ ಬಿಡಿಸಿದ. ಅವನ ಹುಡುಗರು ಮತ್ತೆ ಎತ್ತಿದರು.

ಆ ಹಂಗಾಮು ಇನ್ನೂ ಮುಗಿದಿಲ್ಲ. ಶುರುವಾದರೆ ತಾನೆ ಮುಗಿಯುವುದು. ಗಿರಣಿಯ ಯಂತ್ರಗಳನ್ನು ಗುಜರಿಯವರು ಒಯ್ದರು, ಹಳಿಯನ್ನೂ ಕಿತ್ತರು. ಹೆನಾರೋ ಕೂಡ ಸತ್ತ, ಅವನ ಮಗ ಈಗ ತಂಡ ನೋಡಿಕೊಳ್ಳುತ್ತಾನೆ, ಬೈಕು ರಿಪೇರಿಗೆ ನನ್ನ ಹತ್ತಿರವೇ ಬರುತ್ತಾನೆ. ಬಂದಾಗಲೆಲ್ಲ ಕೇಳುತ್ತಾನೆ, ಪ್ಲಾಸಿದೋ ಏನಾದ್ರೂ ಅಂದ್ರಾ ಎಂದು. ಕ್ಲಬ್ಬಿನ ಗೋಡೆಯಲ್ಲಿ ಆ ಅಂಗಿ ಹಾಗೇ ಇದೆ. ಅಕ್ಕ ಆಗಾಗ ಹೋಗಿ ಅದರ ಧೂಳು ಕೊಡವಿ, ಬಿಟ್ಟುಹೋದ ಹೊಲಿಗೆ ಹಾಕಿ ಬರುತ್ತಾಳೆ.

ತೊರೀತೋದವರು ನಮಗೆ ಒಬ್ಬ ಆಟಗಾರನನ್ನು ಕೊಡುವುದು ಬಾಕಿ ಇದೆ.